ಫೋಟೊದಲ್ಲಿದ್ದ ಇಸಿಎಂ

ಹಳೆಯ ಕಾರಿನ ಬಿಡಿಭಾಗಕ್ಕಾಗಿ ಅಲೆದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟಿನಂಥವು ಹೇಗೋ ಸಿಗುತ್ತವೆ. ಇಸಿಎಂ ಕೆಟ್ಟರೆ ಮಾತ್ರ ಕಷ್ಟ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕು, ಕಿಡಿ ಯಾವಾಗ ಹಾರಬೇಕು ಎಂದು ನಿರ್ಧರಿಸುವ ಪುಟ್ಟ ಕಂಪ್ಯೂಟರ್ ಡಬ್ಬಿ ಅದು. ಅಪ್ಪ ಓಡಿಸುತ್ತಿದ್ದ ನಮ್ಮ ಮಾರುತಿ ಝೆನ್‌ನ ಇಸಿಎಂ ಒಂದು ಮಳೆಗಾಲದಲ್ಲಿ ನೀರಿಳಿದು ಕೆಟ್ಟಿತು. ಆ ಝೆನ್ ತಯಾರಿಕೆ 2006ರಲ್ಲೇ ನಿಂತಿದೆ. ‘ಸಾರ್, ಒಂದ್ಸಲ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಕಡೆ ನೋಡ್ಕೊಂಡು ಬನ್ನಿ. ಹಳೇ ಡಬ್ಬಿ ಜೊತೇಲೇ ತಗೊಂಡು ಹೋಗಿ’ ಎಂದು ನಮ್ಮ ಮೆಕ್ಯಾನಿಕ್ ಹೇಳಿದ್ದರು. ನಾನು ಹೋಗಲಿಲ್ಲ. ಹಳೆಯ ಕಾರುಗಳ ಆನ್‌ಲೈನ್ ಗುಂಪೊಂದರಲ್ಲಿ ‘ಝೆನ್ ಇಸಿಎಂ ಬೇಕಾಗಿದೆ, ತುರ್ತು’ ಎಂದು ಬರೆದೆ.

ಆ ಒಂದು ಸಾಲಿನಲ್ಲಿ ವಂಚಕನಿಗೆ ಬೇಕಾದ ಎಲ್ಲವನ್ನೂ ನಾನೇ ಒದಗಿಸಿದ್ದೆ. ನನ್ನ ಬಳಿ ಯಾವ ಕಾರಿದೆ, ಏನು ಕೆಟ್ಟಿದೆ, ಎಷ್ಟು ಅವಸರದಲ್ಲಿದ್ದೇನೆ ಎಂಬುದೆಲ್ಲ ಅದರಲ್ಲಿತ್ತು. ಅವನಿಗೆ ಕಾರಿನ ಬಗ್ಗೆ ಏನೂ ತಿಳಿದಿರಬೇಕಾಗಿರಲಿಲ್ಲ. ಅಂಗಡಿಯವರೇ ಹುಡುಕಿ ಸೋಲುವ ವಸ್ತು ಕೇಳಿದ ಕೂಡಲೇ ಯಾರೋ ಒಬ್ಬರ ಮನೆಯಲ್ಲಿ ಇದೆ ಎಂದರೆ ಅನುಮಾನ ಹುಟ್ಟಬೇಕಿತ್ತು. ನನಗೆ ಹುಟ್ಟಿದ್ದು ಕೃತಜ್ಞತೆ.

ತಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಸಾಮಾನು ಖಾಲಿ ಮಾಡುತ್ತಿದ್ದೇನೆ ಎಂದು ಆತ ಹಿಂದಿಯಲ್ಲಿ ಬರೆದ. ಗುರುತಿನ ಚೀಟಿಯ ಚಿತ್ರ ಕಳಿಸಿದ. ಸೈನಿಕನ ವೇಷ ಆನ್‌ಲೈನ್ ಮೋಸದಲ್ಲಿ ಎಷ್ಟು ಸವೆದ ದಾರಿ ಎಂಬುದು ನನಗೆ ಆಮೇಲೆ ತಿಳಿಯಿತು. ಯೋಧನ ಮಾತನ್ನು ಪ್ರಶ್ನಿಸಲು ನಮಗೆ ಮುಜುಗರ. ಆ ಮುಜುಗರವೇ ಅವರ ಬಂಡವಾಳ. ನಿಜವಾದ ಸೈನಿಕರ ಹೆಸರಿಗೆ ಹೀಗೆ ಮಸಿ ಬಳಿಯುವುದು ನನಗೆ ಹಣ ಹೋದದ್ದಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ.

ಬೆಲೆ 4,500 ರೂಪಾಯಿ ಎಂದ. ಯುಪಿಐ ಮೂಲಕ ಕಳಿಸುವಾಗ ಪರದೆಯ ಮೇಲೆ ಬೇರೊಬ್ಬರ ಹೆಸರು ಬಂತು. ಕೇಳಿದೆ. ‘ನನ್ನ ಹೆಂಡತಿಯ ತಮ್ಮನ ಖಾತೆ’ ಎಂದ, ಒಪ್ಪಿಕೊಂಡೆ. ಮರುದಿನ ಸಾಗಣೆ ಕಂಪನಿಯ ರಸೀದಿಯಂಥದ್ದೊಂದು ಬಂತು. ಜೊತೆಗೆ ಗೇಟ್‌ಪಾಸ್ ಶುಲ್ಕವೆಂದು 3,200 ರೂಪಾಯಿ ಕೇಳಿದ. ಪಾರ್ಸೆಲ್ ತಲುಪಿದಾಗ ಅದು ವಾಪಸು ಬರುತ್ತದಂತೆ. ಅದನ್ನೂ ಕಳಿಸಿದೆ. ಮೊದಲ ಹಣ ಹೋದ ಮೇಲೆ ಎರಡನೆಯದನ್ನು ಕೊಡುವುದು ಸುಲಭ, ಏಕೆಂದರೆ ಕೊಡದಿದ್ದರೆ ಮೊದಲನೆಯದೂ ಮುಳುಗುತ್ತದೆ ಎಂಬ ಹೆದರಿಕೆ. ಕೊನೆಗೆ ಆ ಶುಲ್ಕ ಹಿಂದಿರುಗಿಸಲೆಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದ. ಅಲ್ಲಿ ಕೈ ನಿಂತಿತು. ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಬರುವ ಹಣಕ್ಕೆ ಯಾವ ಪಿನ್ನೂ ಬೇಡ.

ಆ ರಾತ್ರಿ ಅವನು ಕಳಿಸಿದ್ದ ಫೋಟೊಗಳನ್ನು ಮೊದಲ ಬಾರಿಗೆ ಕಣ್ಣಿಟ್ಟು ನೋಡಿದೆ. ಒಂದರಲ್ಲಿ ಡಬ್ಬಿ ಕೆಂಪು ಗಾರೆ ನೆಲದ ಮೇಲಿತ್ತು, ಇನ್ನೊಂದರಲ್ಲಿ ಬಿಳಿ ಟೈಲ್ಸ್ ಮೇಲೆ. ಸುಝುಕಿ ಇಸಿಎಂಗಳ ಮೇಲೆ ಪಾರ್ಟ್ ನಂಬರಿನ ಚೀಟಿ ಅಂಟಿಸಿರುತ್ತಾರೆ. ಹಿಗ್ಗಿಸಿ ಓದಿದರೆ ಅದು ನನ್ನ ಹಳೆಯ ಡಬ್ಬಿಯ ನಂಬರಿಗೆ ಹೊಂದುತ್ತಲೇ ಇರಲಿಲ್ಲ. ಅಂದರೆ ಅವನು ಪ್ರಾಮಾಣಿಕನೇ ಆಗಿದ್ದು ಅದೇ ಡಬ್ಬಿ ಕಳಿಸಿದ್ದರೂ ನನ್ನ ಕಾರಿಗೆ ಅದು ಬರುತ್ತಿರಲಿಲ್ಲ. ನೋಡಲು ಒಂದೇ ಥರ ಇರುವ ಡಬ್ಬಿಗಳು ನಂಬರಿನ ಕೊನೆಯ ಅಕ್ಷರಗಳಲ್ಲಿ ಬೇರೆಯಾಗಿರುತ್ತವೆ. ಕಳ್ಳತನ ತಡೆಯುವ ಇಮ್ಮೊಬಿಲೈಜರ್ ಇರುವ ಕಾರುಗಳಲ್ಲಿ ನಂಬರ್ ಹೊಂದಿದರೂ ಕೀಲಿಯ ಗುರುತಿಗೆ ಹೊಂದಿಸದೆ ಎಂಜಿನ್ ಚಾಲೂ ಆಗುವುದಿಲ್ಲ. ಮೆಕ್ಯಾನಿಕ್ ಹಳೇ ಡಬ್ಬಿ ತಗೊಂಡು ಹೋಗಿ ಎಂದದ್ದು ಇದಕ್ಕೇ. ಚಿತ್ರವನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿದಾಗ ಅದು ಬೇರೆ ಯಾರದೋ ಹಳೆಯ ಜಾಹೀರಾತಿನದೆಂದು ತಿಳಿಯಿತು.

ಈಗ ನಾನು ದೂರದ ಮಾರಾಟಗಾರರನ್ನು ಕೇಳುವುದು ಒಂದೇ ಕೋರಿಕೆ. ಒಂದು ಚೀಟಿಯಲ್ಲಿ ನನ್ನ ಹೆಸರು, ಇವತ್ತಿನ ತಾರೀಖು ಬರೆದು, ಅದನ್ನು ವಸ್ತುವಿನ ಪಕ್ಕ ಇಟ್ಟು, ಪಾರ್ಟ್ ನಂಬರ್ ಕಾಣುವಂತೆ ಹೊಸ ಫೋಟೊ ತೆಗೆಯಿರಿ. ವಸ್ತು ಇದ್ದವರಿಗೆ ಇದು ಎರಡು ನಿಮಿಷದ ಕೆಲಸ. ಇಲ್ಲದವರು ಕೋಪಿಸಿಕೊಳ್ಳುತ್ತಾರೆ, ‘ನಂಬಿಕೆ ಇಲ್ಲವೇ’ ಎನ್ನುತ್ತಾರೆ, ಇಲ್ಲವೇ ಇನ್ನೊಬ್ಬ ಗಿರಾಕಿ ಕಾಯುತ್ತಿದ್ದಾನೆ ಎಂದು ಅವಸರಪಡಿಸುತ್ತಾರೆ. ಆಲ್ಟರ್ನೇಟರ್, ಸ್ಟಾರ್ಟರ್ ಮೋಟಾರಿನಂಥವನ್ನು ಸಾಧ್ಯವಾದರೆ ಹೋಗಿ, ಚಾಲೂ ಮಾಡಿಸಿ ನೋಡಿ ತನ್ನಿ. ಬಳಸಿದ ಏರ್‌ಬ್ಯಾಗ್, ಬ್ರೇಕಿನ ಭಾಗಗಳನ್ನು ಕೊಳ್ಳಲೇಬೇಡಿ. ತೀರಾ ಅಗ್ಗಕ್ಕೆ ಬಂದ ಸೈಲೆನ್ಸರ್ ಕಳವಿನದಿರಬಹುದು. ಒಳಗಿನ ಬೆಲೆಬಾಳುವ ಲೋಹಕ್ಕಾಗಿ ಅದನ್ನು ಕದಿಯುವವರಿದ್ದಾರೆ. ಕಳವಿನ ಮಾಲೆಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕೊಂಡವರನ್ನೂ ಬಿಡುವುದಿಲ್ಲ.

ಇಷ್ಟೆಲ್ಲ ಗೊತ್ತಾದರೂ ನನ್ನ ದೊಡ್ಡ ತಪ್ಪು ಹಣ ಕಳಿಸಿದ್ದಲ್ಲ, ಆಮೇಲೆ ಸುಮ್ಮನಿದ್ದದ್ದು. ಓದಿದವನು, ನಾಲ್ಕು ಜನಕ್ಕೆ ಬುದ್ಧಿ ಹೇಳುವವನು, ಹೀಗೆ ಮೋಸ ಹೋದೆ ಎಂದು ಮನೆಯಲ್ಲಿ ಹೇಳಲು ನಾಚಿಕೆಯಾಯಿತು. ಹೇಳುವಷ್ಟರಲ್ಲಿ ಹಣ ಆ ಖಾತೆಯಿಂದ ಮುಂದೆ ಹೋಗಿ ಆಗಿತ್ತು. ದೂರು ಬೇಗ ಬಂದರೆ ಹಣ ದಾಟುವ ಮುನ್ನವೇ ತಡೆಹಿಡಿಯಲು ಬ್ಯಾಂಕಿಗೆ ಸಾಧ್ಯ. ತಡವಾದರೆ ಉಳಿಯುವುದು ದೂರಿನ ಸಂಖ್ಯೆ ಮಾತ್ರ. ಅವನ ಖಾತೆಯ ವಿವರ ನನ್ನ ಫೋನಿನಲ್ಲಿ ಸುಮ್ಮನೆ ಬಿದ್ದಿದ್ದಾಗ ಅವನು ಇನ್ನೆಷ್ಟು ಜನರಿಗೆ ಅದೇ ಫೋಟೊ ಕಳಿಸಿದನೋ ಎಂಬುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ನಿಮಗೆ ಹೀಗಾದರೆ ದಯವಿಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಯುಪಿಐ ಆ್ಯಪ್‌ನಲ್ಲಿ ಆ ಪಾವತಿಯ 12 ಅಂಕಿಯ ವ್ಯವಹಾರ ಸಂಖ್ಯೆ ಸಿಗುತ್ತದೆ. ಅದನ್ನು ಬರೆದಿಟ್ಟುಕೊಂಡು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಚಾಟ್ ಅಳಿಸಬೇಡಿ. ಸೈಬರ್ ಅಪರಾಧಗಳನ್ನು ನೋಡುವ ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗುವಾಗ ಅದೇ ಸಾಕ್ಷ್ಯ.