ಕಣ್ಣಿಗೆ ಕಾಣದ ಆಳುಗಳು

ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವ ವಿದ್ಯಾರ್ಥಿನಿಯೊಬ್ಬಳು ಬ್ಯಾಕ್ಟೀರಿಯಗಳನ್ನು ಕುರಿತು ಬರೆಯಹೊರಟಳೆಂದರೆ ವಿಜ್ಞಾನದ ಮಿತ್ರರು ನಗಬಹುದು. ನಗಲಿ. ಆ ಜೀವಿಗಳಿಗೆ ನಾನೊಂದು ಅಪರಾಧ ಮಾಡಿದ್ದೇನೆ. ಅದನ್ನು ಒಪ್ಪಿಕೊಳ್ಳದೆ ಈ ಕಾಲೇಜನ್ನು ಬಿಟ್ಟುಹೋಗಲು ಮನಸ್ಸು ಬಾರದು.

ನಮ್ಮದು ಕುಮಟಾ ತಾಲ್ಲೂಕು. ಅಘನಾಶಿನಿ ನದಿಯು ಸಮುದ್ರವನ್ನು ಸೇರುವ ಅಳಿವೆಯ ದಂಡೆಯಲ್ಲಿ ನಮ್ಮ ಮನೆ. ಅಲ್ಲಿಯ ಉಪ್ಪುನೀರಿನ ಗದ್ದೆಗಳಿಗೆ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಅಲ್ಲಿ ಕಗ್ಗವೆಂಬ ಭತ್ತವನ್ನು ಬಿತ್ತುತ್ತಿದ್ದರು. ಕೊಯ್ಲಾದ ಮೇಲೆ ಜಂತ್ರಡಿಯ ಹಲಗೆಗಳನ್ನು ಎತ್ತಿ ಭರತದ ನೀರನ್ನು ಒಳಗೆ ಬಿಡುತ್ತಿದ್ದರು. ನೀರಿನೊಡನೆ ಸಿಗಡಿಮರಿಗಳೂ ಬರುತ್ತಿದ್ದವು. ಕಗ್ಗದ ಕೂಳೆ ಆ ನೀರಿನಲ್ಲಿ ಕೊಳೆಯುತ್ತಿತ್ತು, ಸಿಗಡಿ ಬೆಳೆಯುತ್ತಿತ್ತು. ಯಾರೂ ಮೇವು ಹಾಕಲಿಲ್ಲ, ಔಷಧ ಹಾಕಲಿಲ್ಲ. ಹಳಬರು ಇದನ್ನು ದೇವರ ಕೃಪೆ ಎನ್ನುತ್ತಿದ್ದರು. ಕೊಳೆಯುವುದು ಎಂದರೇನು, ಕೊಳೆಯಿಸುವವರು ಯಾರು ಎಂದು ಕೇಳಿದವರಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಕಾಲ ಬದಲಾಯಿತು. ಹುಲಿ ಸಿಗಡಿಯ ವ್ಯವಸಾಯ ಕರಾವಳಿಗೆ ಬಂತು. 1994-95ರಲ್ಲಿ ಬಿಳಿಚುಕ್ಕೆ ರೋಗದ ವೈರಸ್ ದೇಶದ ಸಿಗಡಿ ಕೆರೆಗಳಿಗೆ ಹಬ್ಬಿ ಅನೇಕರನ್ನು ಮುಳುಗಿಸಿತು. 2009ರಲ್ಲಿ ಸರ್ಕಾರ ವೆನ್ನಾಮಿ ಎಂಬ ಪರದೇಶದ ಸಿಗಡಿಗೆ ಅನುಮತಿ ಕೊಟ್ಟಿತು. ನಮ್ಮಪ್ಪ ಒಂದು ಸಣ್ಣ ಕೆರೆಯನ್ನು ಗೇಣಿಗೆ ಹಿಡಿದು ಈ ವೆನ್ನಾಮಿಯನ್ನೇ ಬಿಟ್ಟಿದ್ದರು. ಅಪ್ಪ ನಾಲ್ಕನೆಯ ತರಗತಿಯವರೆಗೆ ಓದಿದವರು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯಲ್ಲಿ ಇಂಗ್ಲಿಷ್ ಅಕ್ಷರವನ್ನು ಬಲ್ಲವಳೆಂದರೆ ನಾನೊಬ್ಬಳೇ.

ಆ ಬೇಸಿಗೆಯಲ್ಲಿ ನಾನು ಪಿ.ಯು.ಸಿ. ಎರಡನೆಯ ವರ್ಷದ ಪರೀಕ್ಷೆಯನ್ನು ಮುಗಿಸಿ ಮನೆಯಲ್ಲಿದ್ದೆ. ಸಿಗಡಿಗೆ ಎರಡು ತಿಂಗಳಾಗಿತ್ತು. ನೀರು ದಪ್ಪಗಾಗಿ, ತಳದ ಕೆಸರು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಅಪ್ಪ ಪೇಟೆಯಿಂದ ಒಂದು ಪೊಟ್ಟಣ ತಂದರು. ಅದರ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಒಂದು ಡ್ರಮ್ಮಿನಲ್ಲಿ ರಾತ್ರಿಯಿಡೀ ಇಟ್ಟರು. ಬೆಳಗಾಗುವಷ್ಟರಲ್ಲಿ ನೊರೆ ಬಂದು ಹುಳಿವಾಸನೆ ಎದ್ದಿತ್ತು. ಅಪ್ಪ ಜಂತ್ರಡಿಯ ಕಡೆ ಹೋಗಿದ್ದರು. ನಾನು ಕುತೂಹಲಕ್ಕೆ ಪೊಟ್ಟಣವನ್ನು ಓದಿದೆ: ಬ್ಯಾಸಿಲಸ್ ಸಬ್ಟಿಲಿಸ್. ಬ್ಯಾಸಿಲಸ್! ಕ್ಷಯದ ಪಾಠದಲ್ಲಿ ಆ ಮಾತನ್ನು ಕೇಳಿದ್ದೆ. 2020ರ ಕರೋನಾದಲ್ಲಿ ಹಾಲಿನ ಪೊಟ್ಟಣವನ್ನೂ ಸೋಪಿನಿಂದ ತೊಳೆದ ಮನೆ ನಮ್ಮದು. ವೈರಸ್ಸು, ಬ್ಯಾಕ್ಟೀರಿಯ ಎಲ್ಲವೂ ನನಗೆ ಒಂದೇ: ಕೊಲ್ಲತಕ್ಕವು. ಓದು ಬಾರದ ಅಪ್ಪನಿಗೆ ಯಾರೋ ರೋಗಾಣುಗಳನ್ನು ಮಾರಿದ್ದಾರೆಂದು ನನಗೆ ಸಿಟ್ಟು ಬಂತು. ಕೆರೆಮನೆಯ ಮೂಲೆಯಲ್ಲಿ ಬ್ಲೀಚಿಂಗ್ ಪುಡಿ ಇತ್ತು. ಒಂದು ಹಿಡಿ ತೆಗೆದು ಡ್ರಮ್ಮಿಗೆ ಹಾಕಿ ಚೆನ್ನಾಗಿ ತಿರುವಿಬಿಟ್ಟೆ. ಯಾರಿಗೂ ಹೇಳಲಿಲ್ಲ.

ಅಪ್ಪ ಬಂದು ಆ ನೀರನ್ನು ಕೆರೆಗೆ ಹರಡಿದರು. ಕೆರೆ ಸುಧಾರಿಸಲಿಲ್ಲ. ಐದಾರು ದಿನಗಳಲ್ಲಿ ಬೆಳಗಿನ ಜಾವ ಸಿಗಡಿಗಳು ಉಸಿರಿಗಾಗಿ ನೀರಿನ ಮೇಲಕ್ಕೆ ಬರತೊಡಗಿದವು. ಅರ್ಧ ಬೆಳೆದುದನ್ನೇ ಹಿಡಿದು, ಸಿಕ್ಕಿದ ಬೆಲೆಗೆ ಕೊಟ್ಟೆವು. ಆ ವರ್ಷ ಅಮ್ಮನ ಎರಡು ಬಳೆಗಳು ನನ್ನ ಕಾಲೇಜಿನ ಶುಲ್ಕವಾದವು.

ನಾನು ಮಾಡಿದ್ದೇನೆಂದು ನನಗೆ ತಿಳಿದದ್ದು ಎರಡನೆಯ ವರ್ಷದಲ್ಲಿ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ. ಅಲ್ಲಿಗೆ ಬಂದಿದ್ದ ಮೀನುಗಾರಿಕೆಯ ತಜ್ಞರೊಬ್ಬರು ಹೆಂಗಸರ ಗುಂಪಿನ ಮುಂದೆ ನಿಂತು, "ಹೆಪ್ಪು ಹಾಕುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಕೆರೆಗೂ ಒಂದು ಹೆಪ್ಪು ಬೇಕು" ಎಂದರು. ನನ್ನ ಎದೆ ಧಸಕ್ಕೆಂದಿತು. ಕುದಿಯುವ ಹಾಲಿಗೆ ಅಮ್ಮ ಎಂದಾದರೂ ಹೆಪ್ಪು ಹಾಕಿದ್ದುಂಟೇ? ಹಾಕಿದರೆ ಮೊಸರಾಗದೆಂದು ಅಕ್ಷರ ಬಾರದ ಅವರಿಗೆ ಗೊತ್ತು. ಅಕ್ಷರ ಕಲಿತ ನಾನು ಹೆಪ್ಪಿಗೆ ವಿಷವಿಕ್ಕಿದ್ದೆ.

ಅಂದಿನಿಂದ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಮೊಸರಿನ ಜೀವಾಣುಗಳಿಂದ ದೇಹಕ್ಕೆ ಹಿತವುಂಟೆಂದು ವಾದಿಸಿದ ಮೆಚ್ನಿಕಾಫ್ 1908ರಲ್ಲಿ ಬೇರೆ ಸಂಶೋಧನೆಗಾಗಿ ನೊಬೆಲ್ ಬಹುಮಾನ ಪಡೆದ ವಿಜ್ಞಾನಿ. ನಮ್ಮ ಕೆರೆಗೆ ಇನ್ನೂ ಹತ್ತಿರದವನು ವಿನೊಗ್ರಾಡ್‌ಸ್ಕಿ. 1890ರ ಸುಮಾರಿಗೆ ಆತ ಮಣ್ಣಿನಲ್ಲಿ ಅಮೋನಿಯವನ್ನು ಉಂಡು ಬದುಕುವ ಜೀವಾಣುಗಳನ್ನು ಬೇರ್ಪಡಿಸಿ ತೋರಿಸಿದ. ಸಿಗಡಿಯ ಮೇವಿನಲ್ಲಿರುವ ಸಾರಜನಕದ ಸುಮಾರು ಕಾಲು ಭಾಗ ಮಾತ್ರ ಅದರ ಮೈಗೆ ಹತ್ತುತ್ತದೆ. ಉಳಿದುದು ಕೊನೆಗೆ ನೀರಿಗೇ ಸೇರಿ ಅಮೋನಿಯವಾಗುತ್ತದೆ, ಸಿಗಡಿಗೆ ವಿಷವಾಗುತ್ತದೆ. ಬ್ಯಾಸಿಲಸ್ ಜಾತಿಯವು ಉಳಿದ ಮೇವನ್ನೂ ಹಿಕ್ಕೆಯನ್ನೂ ಒಡೆದು ಜೀರ್ಣಿಸುತ್ತವೆ. ನೈಟ್ರೊಸೊಮೊನಾಸ್ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ನೈಟ್ರೊಬ್ಯಾಕ್ಟರ್ ಮೊದಲಾದವು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಒಬ್ಬ ಆಳಿನ ಕೆಲಸ ಇನ್ನೊಬ್ಬನ ಕೈಗೆ ಹೋಗುವಂತೆ ಇದು ಸಾಗುತ್ತದೆ. ಆದರೆ ಈ ಆಳುಗಳಿಗೆ ಗಾಳಿ ಬೇಕು, ಸಮಯ ಬೇಕು. ಅನುಕೂಲ ದೊರೆತರೆ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಗಳಲ್ಲಿ ಇಮ್ಮಡಿಯಾಗುತ್ತವೆ. ಅಮೋನಿಯ ಉಣ್ಣುವ ಈ ಸಾಧುಗಳಿಗೆ ಎಷ್ಟೋ ಗಂಟೆಗಳು ಬೇಕು.

ಕೇಡಿಗರಿಲ್ಲವೆಂದಲ್ಲ. ಕತ್ತಲಲ್ಲಿ ಮಿನುಗುವ ವಿಬ್ರಿಯೊ ಹಾರ್ವೆಯಿ ಮರಿಕೇಂದ್ರಗಳಲ್ಲಿ ಸಿಗಡಿಮರಿಗಳನ್ನು ರಾಶಿರಾಶಿಯಾಗಿ ಕೊಂದಿದೆ. ಅದನ್ನು ಕೊಲ್ಲಲು ಜನ ಆಂಟಿಬಯಾಟಿಕ್ ಸುರಿದರು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಸಂಗಡಿಗರು ಆ ಔಷಧಗಳಿಗೂ ಬಗ್ಗದ ವಿಬ್ರಿಯೊದಿಂದ ಮರಿಗಳು ಸಾಯುತ್ತಿರುವುದನ್ನು 1994ರಲ್ಲೇ ಪ್ರಕಟಿಸಿದರು. ನಮ್ಮ ಕರಾವಳಿಯಲ್ಲೇ ಕುಳಿತು ಜಗತ್ತಿಗೆ ಹೇಳಿದ ಈ ಎಚ್ಚರಿಕೆಯ ಸುದ್ದಿ ನನಗೆ ತಲುಪಲು ಇಷ್ಟು ವರ್ಷಗಳಾದವು. ಕೊಲ್ಲುವುದರ ಬದಲು, ಕೇಡಿಗರಿಗೆ ಜಾಗವೂ ಊಟವೂ ಸಿಗದಂತೆ ಒಳ್ಳೆಯವರನ್ನು ತುಂಬುವುದು ಇನ್ನೊಂದು ದಾರಿ. ಪೊಟ್ಟಣದ ಪುಡಿಯ ಉದ್ದೇಶ ಇದೇ ಆಗಿತ್ತು.

ನಮ್ಮ ಕೆರೆಯ ನೀರು ನಮ್ಮ ಕೆರೆಯಲ್ಲೇ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಇಳಿತದಲ್ಲಿ ಅದು ಅಳಿವೆಗೆ ಹೋಗುತ್ತದೆ. ಅಲ್ಲಿ ನಮ್ಮತ್ತೆ ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ಬಳಚು ನೀರನ್ನು ಸೋಸಿ ತಿನ್ನುವ ಜೀವಿ. ನಾವು ಬಿಟ್ಟಿದ್ದೆಲ್ಲ ಅದರ ಬಾಯಿಗೇ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತೆಂದು ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯನ್ನು ಉಳಿಸುವ ಹೊಣೆ ಒಂದೊಂದು ಜಂತ್ರಡಿಯ ಬಳಿಯೂ ಇದೆ.

ಹಾಗೆಂದು ಪೊಟ್ಟಣವನ್ನು ಪೂಜಿಸಲು ನಾನು ಹೇಳುತ್ತಿಲ್ಲ. ಬಿಳಿಚುಕ್ಕೆಯ ವೈರಸ್ ತಗಲಿದ ಸಿಗಡಿಯನ್ನು ಯಾವ ಬ್ಯಾಕ್ಟೀರಿಯವೂ ಗುಣಪಡಿಸಲಾರದು. ನನ್ನ ಕಥೆಯನ್ನು ಕೇಳಿದ ಮೇಲೆ ಆ ತಜ್ಞರು ಕೇಳಿದ್ದು ಒಂದೇ ಪ್ರಶ್ನೆ: "ಮೇವು ಎಷ್ಟು ಹಾಕುತ್ತಿದ್ದಿರಿ?" ಹೇಳಿದೆ. "ಹಾಗಾದರೆ ಒಂದು ಡ್ರಮ್ಮು ಹೆಪ್ಪು ಆ ಕೆರೆಯನ್ನು ಉಳಿಸುತ್ತಿತ್ತೆಂದು ನಾನು ಹೇಳಲಾರೆ" ಎಂದರು. ಅಪ್ಪ ಆ ಬೇಸಿಗೆ ಎರಡು ಹೊತ್ತು ಹೆಚ್ಚು ಮೇವು ಹಾಕಿದ್ದರು. ಸಿಗಡಿ ಬೇಗ ತೂಗಲಿ, ಜೂನಿನೊಳಗೆ ನನ್ನ ಪ್ರವೇಶದ ಹಣ ಕೈಗೆ ಬರಲಿ ಎಂದು. ಆಳುಗಳ ಶಕ್ತಿಗೆ ಮೀರಿದ ಕೆಲಸವನ್ನು ನನ್ನ ಓದೇ ಅವುಗಳ ತಲೆಯ ಮೇಲೆ ಹೇರಿತ್ತು.

ಈ ಪ್ರಬಂಧವನ್ನು ಸಂಪಾದಕರಿಗೆ ಕೊಡುವ ಮುನ್ನ ಅಪ್ಪನ ಮುಂದೆ ಕುಳಿತು ಓದಿದೆ. ಬ್ಲೀಚಿಂಗ್ ಪುಡಿಯ ಮಾತು ಬಂದಾಗ ನನ್ನ ಸ್ವರ ಸಣ್ಣದಾಯಿತು. ಅಪ್ಪ ಬೀಡಿಯನ್ನು ಕೆಳಗಿಟ್ಟು, "ವಾಸನೆ ನನಗೆ ಅಂದೇ ಹೊಡೆದಿತ್ತು" ಎಂದರು. ಮತ್ತೇಕೆ ಕೇಳಲಿಲ್ಲವೆಂದರೆ, "ನೀನು ಓದಿದವಳು. ಏನೋ ತಿಳಿದೇ ಹಾಕಿದ್ದೀ ಎಂದುಕೊಂಡೆ" ಎಂದರು.

ನಮ್ಮಂತೆ ಮನೆಯಲ್ಲಿ ಮೊದಲು ಓದಿದವರ ಮಾತನ್ನು ಮನೆಯವರು ಹೀಗೆ ನಂಬುತ್ತಾರೆ. ಈಗ ನೆರೆಯವರೂ ಪೊಟ್ಟಣಗಳನ್ನು ಹಿಡಿದು ನಮ್ಮ ಮನೆಗೆ ಬರುತ್ತಾರೆ. ನಾನು ಅಕ್ಷರ ಬಿಡದೆ ಓದಿ, ಕನ್ನಡದಲ್ಲಿ ಹೇಳಿ, ಬ್ಲೀಚಿಂಗ್ ಪುಡಿಯನ್ನು ದೂರವಿಡಿ, ಮೇವನ್ನು ಅಳೆದು ಹಾಕಿ ಎನ್ನುತ್ತೇನೆ. ತಿಳಿಯದ ಮಾತು ಬಂದರೆ, "ಇದು ನನಗೆ ತಿಳಿಯದು, ಕೇಳಿಕೊಂಡು ಬರುತ್ತೇನೆ" ಎನ್ನುತ್ತೇನೆ. ಹಾಗೆನ್ನಲು ಈಗ ನನಗೆ ನಾಚಿಕೆಯಿಲ್ಲ.