ಮಳೆಗಾಲಕ್ಕೊಂದು ಸೌದೆ ಕೊಟ್ಟಿಗೆ

ತೀರ್ಥಹಳ್ಳಿ ದಾಟಿ ಆಗುಂಬೆ ರಸ್ತೆ ಹಿಡಿದರೆ ಜೂನ್ ನಂತರ ಕಾರಿನ ವೈಪರ್‌ಗೆ ಬಿಡುವೇ ಇಲ್ಲ. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಹೆಚ್ಚುಕಡಿಮೆ 1,000 ಮಿ.ಮೀ. ಆಗುಂಬೆಯ ಸರಾಸರಿ 7,000 ಮಿ.ಮೀ. ದಾಟುತ್ತದೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಪ್ರವಾಸಕ್ಕೆ ಬಂದವರು ಇಲ್ಲಿನ ಮನೆಗಳ ಹೆಂಚಿನ ಮಾಡು, ಅಂಗಳ ನೋಡಿ ಫೋಟೊ ತೆಗೆಯುತ್ತಾರೆ. ಆದರೆ ಮನೆಯವರು ಮಳೆಗಾಲವನ್ನು ಹೇಗೆ ಕಳೆಯುತ್ತಾರೆ ಅಂತ ತಿಳಿಯಬೇಕಾದರೆ ಹಿತ್ತಿಲಿಗೆ ಹೋಗಿ ಸೌದೆ ಕೊಟ್ಟಿಗೆ ನೋಡಬೇಕು.

"ಯಾಕೆ, ಗ್ಯಾಸ್ ಇಲ್ವಾ? ಸೋಲಾರ್ ಇಲ್ವಾ?" ಅಂತ ಆಫೀಸಿನಲ್ಲಿ ಕೇಳ್ತಾರೆ. ನಮ್ಮನೆಯಲ್ಲಿ ಎರಡೂ ಇವೆ. ಆದರೆ ಆರಿದ್ರ ಮಳೆ ಹಿಡಿದ ಮೇಲೆ ಸೋಲಾರ್‌ಗೆ ಬಿಸಿಲೇ ಸಿಗುವುದಿಲ್ಲ. ತಂತಿ ಮೇಲೆ ಮರ ಬಿದ್ದರೆ ಕರೆಂಟು ಎರಡು ಮೂರು ದಿನ ಬರುವುದಿಲ್ಲ. ಆಗ ಸ್ನಾನಕ್ಕೆ ಬಚ್ಚಲೊಲೆ, ಹಂಡೆಯೇ ಗತಿ. ಒದ್ದೆ ಬಟ್ಟೆ ಒಣಗುವುದೂ ಆ ಒಲೆಯ ಮೇಲ್ಗಡೆಯೇ.

ನಮ್ಮ ಹಳೇ ಸೌದೆ ಕೊಟ್ಟಿಗೆ ಇದ್ದದ್ದು ಮನೆಯಿಂದ ಮೂವತ್ತು ಹೆಜ್ಜೆ ದೂರ, ದನದ ಕೊಟ್ಟಿಗೆಯ ಆಚೆ. ಕಳೆದ ಆಗಸ್ಟ್‌ನಲ್ಲಿ ಸೌದೆ ತರಲು ಹೋದ ಅಮ್ಮ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅಪ್ಪನಿಗೆ ಮೊದಲೇ ಮಂಡಿನೋವು. "ಇಬ್ಬರೂ ಬೆಂಗಳೂರಿಗೆ ಬಂದುಬಿಡಿ" ಅಂದ ಅಣ್ಣ. ಅಮ್ಮ ಒಪ್ಪಲಿಲ್ಲ. "ಸೌದೆ ಹತ್ರ ಆದ್ರೆ ಸಾಕು ಮಾರಾಯ್ತಿ, ಊರು ಬಿಡೋದ್ಯಾಕೆ?" ಅಂತ ನನ್ನ ಹತ್ತಿರ ಹೇಳಿದಳು. ಮಾರ್ಚ್‌ನಲ್ಲಿ ಹತ್ತು ದಿನ ರಜೆ ಹಾಕಿ ಊರಿಗೆ ಹೋದೆ.

ಮೊದಲು ಲೆಕ್ಕ ಹಾಕಿದೆವು. ಮಳೆಗಾಲದಲ್ಲಿ ದಿನಕ್ಕೆ ಸುಮಾರು 10 ಕೆಜಿ ಸೌದೆ ಬೇಕು. ನಾಲ್ಕು ತಿಂಗಳಿಗೆ 1,200 ಕೆಜಿ. ಒಟ್ಟಿದರೆ 6 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಎತ್ತರದ ರಾಶಿ. ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ. ಒಲೆಗೆ ಹಾಕಿದರೆ ಆ ನೀರು ಆವಿಯಾಗುವುದರಲ್ಲೇ ಒಂದಷ್ಟು ಬೆಂಕಿ ದಂಡ, ಮೇಲಿಂದ ಹೊಗೆ. ಹಾಗಾಗಿ ಅಂಥದ್ದೇ ಎರಡು ಅಂಕಣ ಇಟ್ಟೆವು. ಒಂದು ಈ ವರ್ಷ ಉರಿಸಲು, ಇನ್ನೊಂದು ಮುಂದಿನ ವರ್ಷಕ್ಕೆ ಒಣಗಲು.

ಕಳ್ಳಕಾಕರ ಭಯಕ್ಕೆ ಅಪ್ಪ ನಾಲ್ಕೂ ಕಡೆ ಜಂಬಿಟ್ಟಿಗೆ ಗೋಡೆ ಬೇಕು ಅಂದರು. ಮರಗೆಲಸದ ಆಚಾರ್ರು ನಕ್ಕರು. "ಸೌದೆಗೆ ಗೋಡೆ ಬ್ಯಾಡ ತಂಗೀ, ಮಾಡು ಬೇಕು. ಗಾಳಿ ಆಡದಿದ್ರೆ ಒಳಗೊಳಗೇ ಬೂಸ್ಟು ಹಿಡೀತದೆ." ಪಕ್ಕದ ಮನೆಯಲ್ಲಿ ನೀಲಿ ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದ ಸೌದೆಗೆ ಅಣಬೆ ಎದ್ದದ್ದು ಅಪ್ಪನಿಗೂ ನೆನಪಿತ್ತು. ಗೋಡೆಯ ಮಾತು ಅಲ್ಲಿಗೆ ಮುಗಿಯಿತು.

ಜಾಗವನ್ನು ಅಮ್ಮನೇ ಆರಿಸಿದಳು. ಬಚ್ಚಲುಮನೆ ಬಾಗಿಲಿನಿಂದ ಆರು ಹೆಜ್ಜೆ, ಮನೆಯ ಪೂರ್ವಕ್ಕೆ. ನಮ್ಮಲ್ಲಿ ಮಳೆಗಾಳಿ ಬೀಸುವುದು ಪಡುವಲಿಂದ, ಅದನ್ನು ಮನೆಯೇ ತಡೆಯುತ್ತದೆ. ಹಳೇ ಕೊಟ್ಟಿಗೆ ಬಿಚ್ಚಿದಾಗ ಆರು ಕಲ್ಲುಕಂಬ, ಸಾಕಷ್ಟು ಮಂಗಳೂರು ಹೆಂಚು ಸಿಕ್ಕವು. ಮರದ ಕಂಬ ನೆಟ್ಟಿದ್ದರೆ ಗೆದ್ದಲಿಗೆ ಮಣ್ಣಿನಿಂದ ನೇರ ದಾರಿ ಮಾಡಿಕೊಟ್ಟಂತೆ. ನೆಲದಿಂದ ಒಂದಡಿ ಎತ್ತರಕ್ಕೆ ಕಲ್ಲಿಟ್ಟು, ಅದರ ಮೇಲೆ ಎರಡು ಬೆರಳು ಸಂದು ಬಿಟ್ಟು ಅಡಿಕೆ ದಬ್ಬೆ ಜೋಡಿಸಿದೆವು. ಕೆಳಗಿನಿಂದಲೂ ಗಾಳಿ ಆಡುತ್ತದೆ, ಹಾವು ಸೇರಿದ್ದರೆ ಟಾರ್ಚ್ ಬಿಟ್ಟಾಗ ಕಾಣುತ್ತದೆ. ಮಾಡಿಗೆ ಎರಡೂ ಕಡೆ ಇಳಿಜಾರು, ಗೋಡೆಯಿಲ್ಲದ ಕಾರಣ ಸೂರು ಮೂರಡಿ ಮುಂದಕ್ಕೆ. ಪಡುವಲಿಗೆ ಮಾತ್ರ ಸೋಗೆ ತಟ್ಟಿ. ಅಲ್ಲಿಂದ ಬಚ್ಚಲುಮನೆವರೆಗೆ ಒಂದು ಶೀಟು ಹೊದಿಸಿದೆವು, ಅಮ್ಮನಿಗೆ ಕೊಡೆ ಬೇಡ. ನಡುವೆ ಒರಟು ಕಲ್ಲು ಹಾಸಿ, ಸೊಂಟದೆತ್ತರಕ್ಕೆ ಹಿಡಿದುಕೊಳ್ಳಲು ಒಂದು ಪೈಪು.

ಸೌದೆಗೆ ಕಾಡಿಗೆ ಹೋಗಬೇಕಾಗಲಿಲ್ಲ. ತೋಟದಲ್ಲಿ ಬಿದ್ದ ಮಾವಿನ ಕೊಂಬೆ, ಸವರಿದ ಸಿಲ್ವರ್ ಓಕ್, ಗೊಬ್ಬರದ ಗಿಡ ಜನವರಿಯಿಂದಲೇ ಸೀಳಿ ಬಿಸಿಲಿಗೆ ಬಿದ್ದಿದ್ದವು. ಒಣಗಿದೆಯೋ ಇಲ್ಲವೋ ನೋಡಲು ಎರಡು ತುಂಡು ಬಡಿಯಬೇಕು. ಟಣ್ ಅಂದರೆ ಒಳಗೆ, ದಬ್ ಅಂದರೆ ಇನ್ನೂ ಬಿಸಿಲಿಗೆ. ಮೃಗಶಿರ ಮಳೆಗೆ ಮೊದಲೇ ಒಂದು ಅಂಕಣ ಭರ್ತಿಯಾಯಿತು.

ಜುಲೈನಲ್ಲಿ ಮೂರು ದಿನ ಕರೆಂಟಿರಲಿಲ್ಲ. ನಾಲ್ಕನೇ ದಿನ ಅಮ್ಮನ ಫೋನ್ ಹತ್ತಿತು. ಹೇಗಿದ್ದೀರಿ ಅಂದೆ. "ನಮಗೇನಾಗಿದೆ? ದಿನಾ ಸುಡುಸುಡು ನೀರಲ್ಲಿ ಸ್ನಾನ" ಅಂದಳು. ಅಣ್ಣ ಫ್ಲ್ಯಾಟಿನ ಮಾತು ಮತ್ತೆ ಎತ್ತಿಲ್ಲ. ಮುಂದೊಂದು ದಿನ ಎತ್ತಬೇಕಾಗಬಹುದು. ಈ ಮಳೆಗಾಲವಂತೂ ಅವರದ್ದೇ ಮನೆಯಲ್ಲಿ ಕಳೆಯಿತು.

ನಿಮ್ಮ ಅಪ್ಪ ಅಮ್ಮನೂ ಊರಲ್ಲೇ ಇದ್ದರೆ, ಈ ಸಲ ಯುಗಾದಿಗೆ ಹೋದಾಗ ಸುಮ್ಮನೆ ಹಿತ್ತಿಲಿಗೆ ಹೋಗಿ ಬನ್ನಿ. ಒಲೆಯಿಂದ ಸೌದೆಗೆ ಎಷ್ಟು ಹೆಜ್ಜೆ ಅಂತ ಎಣಿಸಿ. ಕೊಟ್ಟಿಗೆ ಕಟ್ಟೋದಿದ್ದರೆ ಮಳೆ ಬರುವಷ್ಟರಲ್ಲಿ ಎರಡು ತಿಂಗಳು ಸಿಗುತ್ತದೆ.