ಮೊದಲ ಅರವತ್ತು ಅಡಿ

ಪಂದ್ಯವೆಂದರೆ ತಿರುವು ಬೇಕು, ಏರಿಳಿತ ಬೇಕು, ಹಿಂದೆ ಬಿದ್ದವನು ಬೆವರು ಸುರಿಸಿ ಮುಂದೆ ಬರುವ ಸೊಗಸು ಬೇಕು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಡ್ರ್ಯಾಗ್ ರೇಸ್ ಎಂಬ ಮೋಟಾರು ಪಂದ್ಯದಲ್ಲಿ ಇವೊಂದೂ ಇಲ್ಲ. ದಾರಿ ನೂಲು ಹಿಡಿದಂತೆ ನೇರ. ಉದ್ದ ಕಾಲು ಮೈಲಿ, ಅಂದರೆ 1320 ಅಡಿ. ನಿಂತ ನಿಲುವಿನಿಂದ ಎರಡು ಕಾರುಗಳು ಪಕ್ಕಪಕ್ಕದಲ್ಲಿ ಹೊರಡುತ್ತವೆ. ನಾಲ್ಕು ಕಡಲೆಕಾಯಿ ಸುಲಿಯುವಷ್ಟರಲ್ಲಿ ಪಂದ್ಯ ಮುಗಿದು, ಸೋತವನು ತನ್ನ ಕಾರನ್ನು ತಳ್ಳಿಸಿಕೊಂಡು ಹಿಂದಿರುಗುತ್ತಿರುತ್ತಾನೆ.

ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯದ ತರುಣರು ಹಳೆಯ ಕಾರುಗಳನ್ನು ಬಿಚ್ಚಿ ಜೋಡಿಸಿ ಬೀದಿಬೀದಿಗಳಲ್ಲಿ ಓಡಿಸುತ್ತಿದ್ದರು. ಪೊಲೀಸರಿಗೂ ಹೆತ್ತವರಿಗೂ ಅದು ಬಲು ದೊಡ್ಡ ತಲೆನೋವಾಗಿತ್ತು. 1950ರಲ್ಲಿ ಸಾಂಟಾ ಆನಾ ಎಂಬಲ್ಲಿಯ ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಟಿಕೆಟ್ಟಿಟ್ಟು ಪಂದ್ಯ ನಡೆಸಲು ಆರಂಭವಾಯಿತು. ಮರುವರ್ಷ ವಾಲಿ ಪಾರ್ಕ್ಸ್ ಎಂಬಾತ ಈ ಹುಚ್ಚಿಗೆ ಒಂದು ಶಿಸ್ತು ತರಲೆಂದು ರಾಷ್ಟ್ರಮಟ್ಟದ ಸಂಘವನ್ನು ಕಟ್ಟಿದ. ಬೀದಿಯ ಹುಡುಗಾಟ ಹೀಗೆ ನಿಯಮ, ಗಡಿಯಾರ, ಬಹುಮಾನಗಳುಳ್ಳ ಕ್ರೀಡೆಯಾಯಿತು.

ಈ ಆಟಕ್ಕೆ ಮರುಳಾದ ಕಾರ್ಖಾನೆಯ ತರುಣನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮನೆ ಬಾಡಿಗೆ, ದಿನಸಿ ಕಳೆದು ಉಳಿದ ಸಂಬಳವೆಲ್ಲ ಅವನ ಕಾರಿನ ಇಂಜಿನ್ನಿಗೆ. ಹೆಂಡತಿ ಕಿಟಕಿಗೆ ಹೊಸ ಪರದೆಯ ಮಾತೆತ್ತಿದಾಗಲೆಲ್ಲ 'ಮುಂದಿನ ತಿಂಗಳು' ಎಂಬ ಉತ್ತರ ಸಿದ್ಧ. ಕಡೆಗೊಂದು ಭಾನುವಾರ ಅವನ ಕಾರು ಗೆರೆಯ ಮೇಲೆ ನಿಲ್ಲುತ್ತದೆ. ಹಸಿರು ದೀಪ ಹೊತ್ತಿತು, ಕ್ಲಚ್ಚು ಬಿಟ್ಟ. ಹಿಂಚಕ್ರಗಳು ಬಿರ್ರನೆ ತಿರುಗಿ, ರಬ್ಬರು ಸುಟ್ಟ ಹೊಗೆ ಮುಗಿಲಿಗೇರಿ, ಕಾರು ಮಾತ್ರ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಅವನ ಇಂಜಿನ್ನಿನ ಅರ್ಧ ಬೆಲೆಯೂ ಬಾಳದ ಪಕ್ಕದ ಕಾರು ಸದ್ದಿಲ್ಲದೆ ಮುಂದೆ ಸಾಗಿಬಿಡುತ್ತದೆ. ನೋಟಕರ ಸಾಲಿನಲ್ಲಿ ಕುಳಿತ ಹೆಂಡತಿ ಏನೂ ಆಡುವುದಿಲ್ಲ. ಆ ಮೌನದ ಅರ್ಥವನ್ನು ಗೃಹಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊರಟ ಗೆರೆಯಿಂದ 60 ಅಡಿ ದೂರದಲ್ಲಿ ಬೆಳಕಿನ ಕಿರಣವೊಂದನ್ನಿಟ್ಟು ಅಲ್ಲಿಗೆ ತಲುಪಿದ ಹೊತ್ತನ್ನು ಪ್ರತ್ಯೇಕವಾಗಿ ಅಳೆಯುವುದುಂಟು. ಅಲ್ಲಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಉಳಿದರೆ ಕೊನೆಯ ಗೆರೆಯಲ್ಲಿ ಅದರ ಒಂದೂವರೆಯಷ್ಟೋ ಎರಡರಷ್ಟೋ ಉಳಿಯುತ್ತದೆಂದು ಅನುಭವಿಗಳ ಅಂದಾಜು. ಆರಂಭದಲ್ಲೇ ಪಡೆದ ವೇಗ ದಾರಿಯುದ್ದಕ್ಕೂ ಜೊತೆಗಿರುತ್ತದೆಯಷ್ಟೆ. ಆ ತರುಣ ಹಣ ಸುರಿಯಬೇಕಾಗಿದ್ದುದು ಇಂಜಿನ್ನಿಗಲ್ಲ. ಟೈರು ನೆಲವನ್ನು ಕಚ್ಚುವ ಅಂಗೈಯಗಲದ ಜಾಗಕ್ಕೆ.

ಹಿಡಿತಕ್ಕೊಂದು ಮಿತಿಯಿದೆ. ಚಕ್ರದ ಮೇಲೆ ಬೀಳುವ ಭಾರಕ್ಕಿಂತ ಹೆಚ್ಚಿನ ಬಲದಿಂದ ಟೈರು ನೆಲವನ್ನು ತಳ್ಳಲಾರದೆಂದು ಇಟ್ಟುಕೊಂಡರೆ, ಕಾರಿನ ಇಡೀ ಭಾರ ಹಿಂಚಕ್ರಗಳ ಮೇಲೇ ಇದ್ದರೂ, ಕಾಲು ಮೈಲಿಗೆ 9 ಸೆಕೆಂಡು ಹಿಡಿಯಲೇಬೇಕು. ಕೊನೆಯ ವೇಗ ಗಂಟೆಗೆ 200 ಮೈಲಿ ಮುಟ್ಟದು. ಶಾಲೆಯ ಭೌತಶಾಸ್ತ್ರದ ಸೂತ್ರದಿಂದಲೇ ಹೊರಡುವ ಲೆಕ್ಕವಿದು, ತಪ್ಪಿಲ್ಲ. ಆದರೆ ಮೆತ್ತನೆಯ ರಬ್ಬರು ಆ ಸೂತ್ರವನ್ನು ಓದಿಲ್ಲ! ಬಿಸಿಯಾದ ಅದು ಅಂಟಿನಂತಾಗಿ ನೆಲದ ಒರಟಿನೊಳಕ್ಕೆ ಇಳಿದು ಹಿಡಿಯುತ್ತದೆ. 1964ರಲ್ಲಿ ಡಾನ್ ಗಾರ್ಲಿಟ್ಸ್ 200 ಮೈಲಿಯ ಗಡಿ ದಾಟಿಯೇಬಿಟ್ಟ.

ಬಸ್ಸು ಥಟ್ಟನೆ ಹೊರಟರೆ ನಿಂತ ಪ್ರಯಾಣಿಕರು ಹಿಂದಕ್ಕೆ ವಾಲುವರು. ಕಾರಿನ ಭಾರಕ್ಕೂ ಅದೇ ಗತಿ. 1500 ಕಿಲೋ ತೂಕದ ಕಾರು. ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವಿನ ಅಂತರ 250 ಸೆಂಟಿಮೀಟರು. ಭಾರಕೇಂದ್ರ ನೆಲದಿಂದ 50 ಸೆಂಟಿಮೀಟರು ಎತ್ತರ. ಗುರುತ್ವದಷ್ಟೇ ವೇಗವರ್ಧನೆಯಿಂದ ಅದು ಹೊರಟರೆ 300 ಕಿಲೋ ಭಾರ ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಮೂತಿ ಮೇಲೆದ್ದು ಬಾಲ ಕುಸಿಯುವುದನ್ನು ಕಂಡವರು, ಸ್ಪ್ರಿಂಗು ಮೆತ್ತಗಾದಷ್ಟೂ ಹೆಚ್ಚು ಭಾರ ಸರಿಯುವುದೆಂದು ಭ್ರಮಿಸುತ್ತಾರೆ. ನಿಜವಾಗಿ ಕಾರಿನ ತೂಕ, ಭಾರಕೇಂದ್ರದ ಎತ್ತರ, ಚಕ್ರಗಳ ಅಂತರ, ವೇಗವರ್ಧನೆ, ಈ ನಾಲ್ಕೇ ಅದರ ಪ್ರಮಾಣವನ್ನು ನಿರ್ಧರಿಸತಕ್ಕವು. ಆ ಭಾರ ಎಷ್ಟು ಬೇಗ, ಎಷ್ಟು ನಯವಾಗಿ ಟೈರಿಗೆ ಇಳಿಯಬೇಕೆಂಬುದಷ್ಟೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳ ಕೈಯಲ್ಲಿದೆ.

ಈ ಸತ್ಯವನ್ನು ಹಿಡಿದವರು ಕ್ರೈಸ್ಲರ್ ಕಂಪನಿಯ ಕೆಲವು ಇಂಜಿನಿಯರುಗಳು. 1958ರಲ್ಲಿ ಬಿಡುವಿನ ವೇಳೆಯ ಹವ್ಯಾಸಕ್ಕೆಂದು 'ರಾಮ್‌ಚಾರ್ಜರ್ಸ್' ಎಂಬ ಸಂಘ ಕಟ್ಟಿಕೊಂಡ ಅವರು, 1949ರ ಹಳೆಯ ಪ್ಲಿಮತ್ ಕಾರೊಂದನ್ನು ತಂದು, ಇಂಜಿನ್ನನ್ನೂ ಒಡಲನ್ನೂ ಬೇಕೆಂದೇ ಎತ್ತರಿಸಿ ಕೂರಿಸಿದರು. ರೇಸಿನ ಕಾರು ನೆಲಕ್ಕೆ ಅಂಟಿದಂತಿರಬೇಕೆಂಬ ನಂಬಿಕೆ ಬೇರೂರಿದ್ದ ಕಾಲ. ಕೊಕ್ಕರೆಯಂತೆ ಕಾಲೆತ್ತಿ ನಿಂತ ಈ ವಾಹನವನ್ನು ಕಂಡು ನಗದವರು ಕಡಿಮೆಯಿದ್ದಿರಬೇಕು. 'ಹೈ ಅಂಡ್ ಮೈಟಿ' ಎಂದೇ ಅದರ ಹೆಸರು. 1959ರಲ್ಲಿ ಡೆಟ್ರಾಯಿಟಿನಲ್ಲಿ ನಡೆದ ರಾಷ್ಟ್ರೀಯ ಪಂದ್ಯದಲ್ಲಿ ಅದು ತನ್ನ ವರ್ಗದಲ್ಲಿ ಮೆರೆಯಿತು. 1965ರಲ್ಲಿ ಕ್ರೈಸ್ಲರಿನವರು ಇನ್ನೂ ಒಂದು ಹೆಜ್ಜೆ ಹೋಗಿ, ಕೆಲವು ಕಾರುಗಳ ಹಿಂಚಕ್ರಗಳನ್ನು 15 ಅಂಗುಲ, ಮುಂಚಕ್ರಗಳನ್ನು 10 ಅಂಗುಲ ಮುಂದಕ್ಕೆ ತಂದರು. ಆ ವಿಕಾರರೂಪ ಕಂಡು ಜನ ಇಟ್ಟ ಹೆಸರೇ 'ಫನಿ ಕಾರ್'. ಈಗ ಅದೊಂದು ಗೌರವಾನ್ವಿತ ವರ್ಗ.

ಭಾರ ಹಿಂದಕ್ಕೆ ಬಂದರೆ ಸಾಲದು, ಎರಡು ಟೈರುಗಳಿಗೂ ಸಮನಾಗಿ ಹಂಚಿಹೋಗಬೇಕು. ಇಂಜಿನ್ನಿನಿಂದ ಹಿಂದಕ್ಕೆ ಬರುವ ತಿರುಗುವ ದಂಡ ಹಿಂದಿನ ಅಚ್ಚನ್ನೇ ತಿರುಚಲು ನೋಡುತ್ತದೆ. ಎಡಚಕ್ರ ನೆಲಕ್ಕೆ ಒತ್ತಿದರೆ ಬಲಚಕ್ರ ಹಗುರಾಗಿ ಸುಮ್ಮನೆ ತಿರುಗುತ್ತದೆ. ಸಾಲದುದಕ್ಕೆ, ಪಟ್ಟಿ ಪಟ್ಟಿಯ ಕಮಾನು ಸ್ಪ್ರಿಂಗುಗಳು ಹಾವಿನಂತೆ ಬಳುಕಿ, ಸೆಟೆದು, ಮತ್ತೆ ಬಳುಕಿ ಚಕ್ರವನ್ನು ಚೆಂಡಿನಂತೆ ಪುಟಿಸುತ್ತವೆ. ಇದಕ್ಕೆ ಕ್ರೈಸ್ಲರಿನವರು ಕಂಡ ಉಪಾಯ ಸರಳ: ಅಚ್ಚಿನ ಮುಂದಿನ ಭಾಗದಲ್ಲಿ ಕಮಾನನ್ನು ಗಿಡ್ಡ ಮಾಡಿ ಬಿಗಿಗೊಳಿಸುವುದು, ಅದರಲ್ಲೂ ಬಲಬದಿಯದನ್ನು ಹೆಚ್ಚು ಬಿಗಿಯಾಗಿಸುವುದು. ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ! ಮುಂದಿನ ಶಾಕ್ ಅಬ್ಸಾರ್ಬರುಗಳಿಗೆ ಬೇರೆಯ ಪಾಠ: ಚಾಚುವಾಗ ಸಡಿಲ, ಮಡಚುವಾಗ ಬಿಗಿ, ಮೂತಿ ಬೇಗನೆ ಏಳಬೇಕು, ಗೇರು ಬದಲಾಯಿಸುವಾಗ ದೊಪ್ಪನೆ ಬೀಳಬಾರದು. ಹಾಗೆಂದು ಹಿಂಭಾರದ ಗಾಡಿಯ ಮೂಕಿಯಂತೆ ಮುಂಭಾಗ ಆಕಾಶ ನೋಡತೊಡಗಿದರೆ ಹೊತ್ತು ಹಾಳು, ಜೀವಕ್ಕೂ ಅಪಾಯ. ಅದಕ್ಕೆಂದೇ ಕೆಲವರು ಹಿಂದೆ ಪುಟ್ಟ ಗಾಲಿಗಳ ಊರುಗೋಲು ಕಟ್ಟುತ್ತಾರೆ.

ಇನ್ನು ಟೈರಿನ ಗಾಳಿಯನ್ನು ಇಳಿಸುವುದು, ಹೊರಡುವ ಮುನ್ನ ನೀರಿನ ಮೇಲೆ ಚಕ್ರ ತಿರುಗಿಸಿ ರಬ್ಬರನ್ನು ಕಾಯಿಸುವುದು ಎಲ್ಲರೂ ಬಲ್ಲ ವಿಷಯ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ, ಬರೆದಿಡುವ ತಾಳ್ಮೆ ಮಾತ್ರ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ತಮಾಷೆಯೆಂದರೆ, ಎಲ್ಲಕ್ಕಿಂತ ವೇಗದ ಟಾಪ್ ಫ್ಯೂಯಲ್ ಕಾರುಗಳಿಗೆ ಸ್ಪ್ರಿಂಗೇ ಇಲ್ಲ; ಬಳುಕುವ ಉದ್ದನೆಯ ಚೌಕಟ್ಟು, ಸುಕ್ಕುಗಟ್ಟುವ ಟೈರು ಮತ್ತು ಹಂತಹಂತವಾಗಿ ಕಚ್ಚುವ ಕ್ಲಚ್ಚು ಆ ಕೆಲಸವನ್ನೆಲ್ಲ ಹೊತ್ತಿವೆ.

ಆ ವರ್ಗದಲ್ಲಿ ಹಿಡಿತದ ಆಸೆ ಒಂದು ಕಾಲಕ್ಕೆ ಮನುಷ್ಯನನ್ನೂ ತೂಕದ ಕಲ್ಲಾಗಿಸಿತ್ತು. ಹಿಂಚಕ್ರಗಳಿಗೆ ಭಾರ ಬೇಕೆಂದು ಚಾಲಕನನ್ನು ಅಚ್ಚಿನಿಂದಲೂ ಹಿಂದೆ ಕೂರಿಸಿದರು. ಮುಂದೆ ಉರಿಯುವ ಇಂಜಿನ್ನು, ಎರಡು ಕಾಲುಗಳ ನಡುವೆ ಗೇರುಪೆಟ್ಟಿಗೆ. 1970ರ ಮಾರ್ಚಿನಲ್ಲಿ ಲಾಂಗ್ ಬೀಚಿನ ಬಳಿಯ ಲಯನ್ಸ್ ಮೈದಾನದಲ್ಲಿ ಗಾರ್ಲಿಟ್ಸ್ ಕ್ಲಚ್ಚು ಬಿಟ್ಟ ಗಳಿಗೆಯಲ್ಲಿ ಆ ಗೇರುಪೆಟ್ಟಿಗೆ ಸಿಡಿಯಿತು. ಕಾರು ಎರಡು ತುಂಡಾಯಿತು. ಅವನ ಬಲಪಾದದ ಒಂದು ಭಾಗ ಹೋಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಅವನು ಇಂಜಿನ್ನನ್ನು ಬೆನ್ನ ಹಿಂದಿಡುವ ಕಾರಿನ ಯೋಚನೆಯಲ್ಲಿ ತೊಡಗಿದ. ಹಿಂಚಕ್ರಗಳ ಮೇಲೆ ಇನ್ನು ಇಂಜಿನ್ನೇ ತೂಗಲಿ, ಮನುಷ್ಯ ಮುಂದೆ ಕೂರಲಿ! ಅಂತಹ ಕಾರುಗಳನ್ನು ಹಿಂದೆ ಹಲವರು ಕಟ್ಟಿ ಕೈಬಿಟ್ಟಿದ್ದರು; ಅವು ನೇರ ಹೋಗುತ್ತಿರಲಿಲ್ಲ. ಗಾರ್ಲಿಟ್ಸನ ಕಾರೂ ಮೊದಮೊದಲು ಎಡಬಲಕ್ಕೆ ಎಳೆದಾಡಿತು. ಚುಕ್ಕಾಣಿಯನ್ನು ಎಷ್ಟೇ ತಿರುಗಿಸಿದರೂ ಚಕ್ರ ಸ್ವಲ್ಪವೇ ತಿರುಗುವಂತೆ ಮಾರ್ಪಡಿಸಿದ ಮೇಲೆ ಅದು ಸಾಧುವಾಯಿತು. 1971ರಲ್ಲಿ ಪೊಮೋನಾದ ಚಳಿಗಾಲದ ಪಂದ್ಯದಲ್ಲಿ ಅವನು ಅದರಲ್ಲಿಯೇ ಕುಳಿತು ಗೆದ್ದ. ಕೆಲವೇ ವರ್ಷಗಳಲ್ಲಿ ಮುಂದೆ ಇಂಜಿನ್ನುಳ್ಳ ಕಾರುಗಳು ಆ ಮೇಲ್ವರ್ಗದಿಂದ ಕಣ್ಮರೆಯಾದವು.